ಕೊಟ್ಟರೂ ಕೆಡದ ಕೈಗಳು: ಅಣುತಂತಿಯ ಪರಿಚಯ

ಬಿ.ಎಸ್ಸಿ. ಕೊನೆಯ ವರ್ಷದ ಕ್ಲಾಸಿನಲ್ಲಿ ‘ಮಾಲಿಕ್ಯುಲರ್ ವೈರ್’ ಎಂದು ಬೋರ್ಡಿನ ಮೇಲೆ ಬರೆದ ದಿನ, ಬ್ಯಾಡಗಿಯಿಂದ ಹಾವೇರಿಗೆ ರೈಲಿಗೆ ಓಡಾಡುವ ಹುಡುಗನೊಬ್ಬ ಎದ್ದು ನಿಂತ. “ಸರ, ತಂತಿ ಅಂದ್ರ ತಾಮ್ರದ್ದರೀ, ಇಲ್ಲಾಂದ್ರ ಅಲ್ಯೂಮಿನಿಯಂದು. ಅಣೂನ ತಂತಿ ಅಂದ್ರ ಹ್ಯಾಂಗರೀ? ಅದರಾಗ ಕರೆಂಟ್ ಎಲ್ಲಿಂದ ಹೊಕ್ಕು ಎಲ್ಲಿಂದ ಹೊರಬೀಳ್ತೈತಿ?” ಎಂದ. ಆವತ್ತು ನಾನು ಕೊಟ್ಟದ್ದು ಪುಸ್ತಕದ ಉತ್ತರ. ಅವನು ತಲೆಯಾಡಿಸಿದ. ತಿಳಿಯಿತು ಅಂತಲ್ಲ, ಗಂಟೆ ಹೊಡೆಯಿತು ಅಂತ. ಆವತ್ತು ಹೇಳಬೇಕಿದ್ದುದನ್ನು ಈಗ ನಿಧಾನವಾಗಿ ಹೇಳಲು ಕೂತಿದ್ದೇನೆ.

ಓದುವವರಿಗೆ ರಸಾಯನಶಾಸ್ತ್ರ ಗೊತ್ತಿರಲೇಬೇಕೆಂದಿಲ್ಲ. ಎಲೆಕ್ಟ್ರಾನ್ ಒಂದು ಅಣುವಿನಿಂದ ಇನ್ನೊಂದು ಅಣುವಿಗೆ ಕೈ ಬದಲಾಗಬಲ್ಲದು ಎಂದು ಒಪ್ಪಿಕೊಂಡರೆ ಸಾಕು. ಕಳೆದುಕೊಂಡರೆ ಉತ್ಕರ್ಷಣೆ, ಪಡೆದರೆ ಅಪಕರ್ಷಣೆ, ಎರಡೂ ಸೇರಿ ರೆಡಾಕ್ಸ್. ಹೆಸರು ಭಾರ, ವ್ಯವಹಾರ ಹಗುರ. ಒಬ್ಬ ಕೊಡಬೇಕು, ಇನ್ನೊಬ್ಬ ತಗೊಳ್ಳಬೇಕು. ಕೊಟ್ಟವನ ಗತಿ ಆಮೇಲೆ ಏನಾಯಿತು ಅನ್ನುವುದರ ಸುತ್ತಲೇ ನಮ್ಮ ಪಾಠ ತಿರುಗುತ್ತದೆ.

ಬ್ಯಾಡಗಿಯಿಂದಲೇ ಶುರು ಮಾಡೋಣ. ಸೋಮವಾರ, ಗುರುವಾರ ಎಪಿಎಂಸಿ ಅಂಗಳಕ್ಕೆ ಹೋದವರಿಗೆ ಗೊತ್ತು, ಖರೀದಿದಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು ಮೊದಲು ನೋಡುವುದು ಬಣ್ಣವನ್ನು. ಖಾರದ ಮಾತು ಆಮೇಲೆ. ಕಡ್ಡಿ ಜಾತಿಯದಾಗಲಿ ಡಬ್ಬಿ ಜಾತಿಯದಾಗಲಿ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದರ ಹಿಂದೆ ಆ ಕಡುಗೆಂಪಿನ ಪಾಲು ದೊಡ್ಡದು. ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ಅಣು. ನಲವತ್ತು ಇಂಗಾಲಗಳ ಉದ್ದನೆಯ ದೇಹ, ಅದರ ನಡುಭಾಗದಲ್ಲಿ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳ ಸಾಲು. ಈ ಸಾಲಿನಲ್ಲಿ ಎಲೆಕ್ಟ್ರಾನ್‌ಗಳು ತಮ್ಮ ತಮ್ಮ ಬಂಧದಲ್ಲೇ ಕೂತಿರುವುದಿಲ್ಲ. ಇಡೀ ಸಾಲಿನ ಉದ್ದಕ್ಕೂ ಹರಡಿಕೊಂಡಿರುತ್ತವೆ. ಹಾಗೆ ಹರಡಿದ್ದರಿಂದಲೇ ಅವು ನೀಲಿ-ಹಸಿರು ಬೆಳಕನ್ನು ನುಂಗಿ ನಮ್ಮ ಕಣ್ಣಿಗೆ ಕೆಂಪನ್ನು ಉಳಿಸುತ್ತವೆ. ಇದೇ ಕುಲದ ಕ್ಯಾರೊಟಿನಾಯ್ಡ್ ಅಣುಗಳನ್ನು ಎರಡು ಚಿನ್ನದ ತುದಿಗಳ ನಡುವೆ ಕಟ್ಟಿ, ಅವುಗಳಲ್ಲಿ ಎಷ್ಟು ಕರೆಂಟ್ ಹಾಯುತ್ತದೆಂದು ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಳೆದೂ ಆಗಿದೆ. ಅಂದರೆ ಆ ಹುಡುಗ ಕೇಳಿದ ಅಣುತಂತಿಯ ದಾಯಾದಿಯೊಂದು ಅವನ ಮನೆಯ ಅಟ್ಟದ ಮೇಲೇ ಇತ್ತು.

ಆದರೆ ಆ ತಂತಿಗೆ ಒಂದು ರೋಗ. ಬ್ಯಾಡಗಿ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಯಾಕಿವೆ? ಕಾಯಿ ಕೊಳೆಯುತ್ತದೆಂಬುದಕ್ಕಿಂತ ಬಣ್ಣ ಇಳಿಯುತ್ತದೆಂಬ ಭಯಕ್ಕೆ. ಗಾಳಿ, ಬೆಳಕು, ಬಿಸಿ ಮೂರೂ ಸೇರಿದರೆ ಆ ದ್ವಿಬಂಧಗಳ ಸಾಲು ಆಮ್ಲಜನಕದ ಕೈಗೆ ಸಿಕ್ಕು ನಡುವೆಯೇ ತುಂಡಾಗುತ್ತದೆ. ಕಾಯಿ ಮೊದಲು ಕಂದಿ ಆಮೇಲೆ ಬಿಳಿಚುತ್ತದೆ. ಇದೂ ಉತ್ಕರ್ಷಣೆಯೇ. ಆದರೆ ಹಿಂದಿರುಗಿ ಬರದ ಉತ್ಕರ್ಷಣೆ. ಬಿಳಿಚಿದ ಕಾಯಿಯನ್ನು ಮತ್ತೆ ಕೆಂಪು ಮಾಡುವ ವಿದ್ಯೆ ಯಾವ ದಲಾಲಿಗೂ ಗೊತ್ತಿಲ್ಲ. ಎಣ್ಣೆ ಸವರಿ ಹೊಳಪು ತರುವುದು ಬೇರೆ ಮಾತು.

ಈಗ ಮೆಣಸಿನಕಾಯಿ ಬಿಟ್ಟು ನಮ್ಮ ಲ್ಯಾಬಿಗೆ ಬನ್ನಿ. ಬ್ಯೂರೆಟ್ಟಿನಲ್ಲಿ ಹಳದಿ ಬಣ್ಣದ ಸೀರಿಯಂ ದ್ರಾವಣ, ಕೆಳಗೆ ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಫೆರಸ್ ಲವಣ, ಅದಕ್ಕೆರಡು ಹನಿ ಫೆರೋಯಿನ್ ಸೂಚಕ. ದ್ರಾವಣ ಕೆಂಪಗಿರುತ್ತದೆ. ಹನಿ ಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಗೆ ಕೆಂಪು ಸರ್ರನೆ ಹೋಗಿ ತಿಳಿನೀಲಿ ಬರುತ್ತದೆ. ರೀಡಿಂಗ್ ಬರೆದುಕೊಂಡು ಫ್ಲಾಸ್ಕನ್ನು ಸಿಂಕಿಗೆ ಸುರಿಯುವುದು ಎಲ್ಲರ ಅಭ್ಯಾಸ. ನಾನು ಸುರಿಯಬೇಡಿ ಅನ್ನುತ್ತೇನೆ. ಅದಕ್ಕೆ ಒಂದೆರಡು ಹನಿ ಫೆರಸ್ ದ್ರಾವಣ ಹಾಕಿ ಅಲ್ಲಾಡಿಸಿ. ಕೆಂಪು ವಾಪಸು ಬರುತ್ತದೆ. ಮತ್ತೆ ಸೀರಿಯಂ ಬಿಟ್ಟರೆ ನೀಲಿ, ಮತ್ತೆ ಫೆರಸ್ ಹಾಕಿದರೆ ಕೆಂಪು. ಫೆರೋಯಿನ್ನಿನ ನಡುವೆ ಇರುವುದು ಒಂದು ಕಬ್ಬಿಣದ ಅಯಾನು. ಅದು ಒಂದು ಎಲೆಕ್ಟ್ರಾನ್ ಕೊಟ್ಟು 2+ ಇಂದ 3+ ಆಯಿತು, ತಗೊಂಡು ಮತ್ತೆ 2+ ಆಯಿತು. ಕೊಟ್ಟಿತು, ತುಂಡಾಗಲಿಲ್ಲ.

ಯಾಕೆ ತುಂಡಾಗಲಿಲ್ಲ? ಕಬ್ಬಿಣದ ಸುತ್ತ ಮೂರು ಫಿನಾಂತ್ರೊಲೀನ್ ಅಣುಗಳು ಕೂತಿವೆ. ಒಂದೊಂದಕ್ಕೂ ಎರಡೆರಡು ಸಾರಜನಕದ ಕೈ. ಒಟ್ಟು ಆರು ಕೈಗಳು ಆರು ದಿಕ್ಕಿನಿಂದ ಕಬ್ಬಿಣವನ್ನು ಹಿಡಿದಿವೆ. ಹೀಗೆ ಲೋಹವನ್ನು ಹಿಡಿದು ಕೂರುವ ಅಣುಗಳಿಗೆ ಲಿಗ್ಯಾಂಡ್ ಎಂದೂ, ಹಿಡಿದವರು ಹಿಡಿಸಿಕೊಂಡವರು ಎಲ್ಲ ಸೇರಿದ ಕುಟುಂಬಕ್ಕೆ ಲೋಹ ಸಂಕೀರ್ಣ ಎಂದೂ ಹೆಸರು. ಈ ಆರು ದಿಕ್ಕಿನ ಚಿತ್ರವನ್ನು ಕಟ್ಟಿಕೊಟ್ಟ ಆಲ್ಫ್ರೆಡ್ ವರ್ನರ್‌ಗೆ 1913ರಲ್ಲಿ ನೊಬೆಲ್ ಬಂತು. ನಮಗೆ ಬೇಕಾದದ್ದು ಇಷ್ಟು. ಎಲೆಕ್ಟ್ರಾನ್ ಹೋದಾಗ ಲೋಹ ಕೈ ತಪ್ಪಿ ಬೀಳದಂತೆ, ಬಂದಾಗ ಎದೆಗೆ ಒತ್ತಿಕೊಳ್ಳದಂತೆ, ಲಿಗ್ಯಾಂಡುಗಳು ಹದವಾಗಿ ಹಿಡಿದಿರುತ್ತವೆ.

ಮೂರು ಸಾರಜನಕದ ಕೈಗಳಿರುವ ಇನ್ನೊಂದು ಲಿಗ್ಯಾಂಡ್ ಇದೆ, ಟರ್ಪಿರಿಡೀನ್. ಎರಡು ಟರ್ಪಿರಿಡೀನ್ ಎದುರು ಬದುರು ಕೂತರೆ ಮೂರೂ ಮೂರೂ ಆರು, ಕಬ್ಬಿಣಕ್ಕೆ ಬೇಕಾದಷ್ಟು ಕೈ. ಈಗ ಒಂದೇ ಅಣುವಿನ ಎರಡು ತುದಿಗೂ ಒಂದೊಂದು ಟರ್ಪಿರಿಡೀನ್ ಇದೆ ಎಂದುಕೊಳ್ಳಿ. ಒಂದು ತುದಿಯಿಂದ ಈ ಕಬ್ಬಿಣವನ್ನು ಹಿಡಿದರೆ ಇನ್ನೊಂದು ತುದಿ ಮುಂದಿನ ಕಬ್ಬಿಣಕ್ಕೆ ಖಾಲಿ. ಅಲ್ಲಿಗೆ ಸರ ಪೋಣಿಸಲು ಸಾಮಾನು ಸಿದ್ಧವಾಯಿತು.

ಸರ ಎಂದಾಗ ಹಾವೇರಿಯವರಿಗೆ ಏಲಕ್ಕಿ ಹಾರ ನೆನಪಾಗದೆ ಇರದು. ಸಭೆ-ಸಮಾರಂಭಕ್ಕೆ ಬಂದ ದೊಡ್ಡವರ ಕೊರಳಿಗೆ ಬೀಳುವ ಆ ಹಾರವನ್ನು ಮಾಡುವವರ ಮುಂದೆ ಅರ್ಧ ಗಂಟೆ ಕೂತು ನೋಡಿ. ಒಂದೇ ಅಳತೆಯ ಕಾಯಿ ಆರಿಸಬೇಕು, ಸೂಜಿ ಕಾಯಿಯನ್ನು ಸೀಳದಂತೆ ಹಾಯಬೇಕು, ಒಂದಾದ ಮೇಲೆ ಒಂದು. ಅವಸರ ಮಾಡಿದರೆ ಸಾಲು ಸೊಟ್ಟ. ಅಣುತಂತಿ ಕಟ್ಟುವುದೂ ಹೆಚ್ಚು ಕಡಿಮೆ ಹೀಗೆಯೇ. ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು, ಇಲ್ಲದಿದ್ದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಏಲಕ್ಕಿ ಹಾರದಲ್ಲಿ ಉದ್ದಕ್ಕೂ ಒಂದು ದಾರವಿದೆ. ಅಣುಸರದಲ್ಲಿ ದಾರವೇ ಇಲ್ಲ, ಒಂದೊಂದು ಮಣಿಯೂ ಪಕ್ಕದ್ದನ್ನು ತಾನೇ ಹಿಡಿದುಕೊಂಡಿರುತ್ತದೆ.

ಮೊದಲ ಗಂಟು ಎಲ್ಲಿ ಹಾಕುವುದು? ಚಿನ್ನಕ್ಕೆ. ಬೆಳ್ಳಿ ಕಪ್ಪಾಗುತ್ತದೆ, ಬಂಗಾರ ಆಗುವುದಿಲ್ಲ ಎಂದು ಅಕ್ಕಸಾಲಿಗರು ಹೇಳುವುದು ನಿಜ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ. ಆದರೆ ಗಂಧಕಕ್ಕೂ ಚಿನ್ನಕ್ಕೂ ನಂಟೇ ಇಲ್ಲ ಎಂದುಕೊಳ್ಳಬೇಡಿ. ಥಯೋಲ್ ಎಂಬ ಗಂಧಕ ಇರುವ ಅಣುಗಳ ದ್ರಾವಣದಲ್ಲಿ ಶುದ್ಧ ಚಿನ್ನವನ್ನು ಅದ್ದಿಟ್ಟರೆ, ಒಂದೇ ಒಂದು ಪದರ ಅಣುಗಳು ಗಂಧಕದ ತಲೆಯನ್ನು ಚಿನ್ನಕ್ಕೆ ಊರಿ, ಬಾಲ ಮೇಲೆ ಮಾಡಿ ಸಾಲಾಗಿ ನಿಲ್ಲುತ್ತವೆ. ಎರಡನೇ ಪದರ ಕೂರುವುದಿಲ್ಲ. ಚಿನ್ನದ ಮೇಲೆ ಗಂಧಕದ ಅಣುಗಳು ಹೀಗೆ ತಾವಾಗಿ ಒಪ್ಪವಾಗುತ್ತವೆಂದು ಅಮೆರಿಕದ ರಾಲ್ಫ್ ನುಝೊ ಮತ್ತು ಡೇವಿಡ್ ಅಲ್ಲಾರ 1983ರಲ್ಲಿ ತೋರಿಸಿದರು.

ಇದರ ಮೇಲೆ ಕಬ್ಬಿಣದ ಸರ ಪೋಣಿಸಿದವರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿದ್ದ ಹಿರೋಶಿ ನಿಶಿಹಾರ ಅವರ ಬಳಗ ಮುಖ್ಯವಾದದ್ದು. ಕೆಲಸದ ಕ್ರಮ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ತುದಿಯಲ್ಲಿ ಟರ್ಪಿರಿಡೀನ್ ಇರುವ ಗಂಧಕದ ಅಣುವನ್ನು ಚಿನ್ನಕ್ಕೆ ಅಂಟಿಸಿ, ತೊಳೆ. ಕಬ್ಬಿಣದ ಲವಣದ ದ್ರಾವಣದಲ್ಲಿ ಅದ್ದು, ಪ್ರತಿ ಟರ್ಪಿರಿಡೀನೂ ಒಂದೊಂದು ಕಬ್ಬಿಣ ಹಿಡಿದುಕೊಳ್ಳುತ್ತದೆ. ತೊಳೆ. ಎರಡು ತುದಿಯ ಲಿಗ್ಯಾಂಡಿನಲ್ಲಿ ಅದ್ದು. ತೊಳೆ. ಮತ್ತೆ ಕಬ್ಬಿಣ, ಮತ್ತೆ ಲಿಗ್ಯಾಂಡ್. ಎಷ್ಟು ಸಲ ಅದ್ದಿದೆವೋ ಅಷ್ಟೇ ಮಣಿ. ಕಬ್ಬಿಣದ ಬದಲು ಕೋಬಾಲ್ಟ್ ಹಾಕಬಹುದು, ಮೊದಲ ಐದು ಕಬ್ಬಿಣ ಆಮೇಲೆ ಕೋಬಾಲ್ಟ್ ಎಂದೂ ಮಾಡಬಹುದು. ಎಲ್ಲರೂ ಚಿನ್ನಕ್ಕೇ ಕಟ್ಟುತ್ತಾರೆ ಎಂದೂ ಇಲ್ಲ. ಮೊಬೈಲ್ ಪರದೆಯಲ್ಲಿರುವ ಪಾರದರ್ಶಕ ವಾಹಕ ಐಟಿಒ ಮೇಲೆ, ರಂಜಕದ ಕಾಲೂರಿ ನಿಲ್ಲುವ ರುಥೇನಿಯಂ ಸಂಕೀರ್ಣಗಳ ಪದರ ಪದರ ಕಟ್ಟಿದವರು ಜಪಾನಿನವರೇ ಆದ ಮಸಾಅಕಿ ಹಾಗಾ.

ಸರವೇನೋ ಆಯಿತು. ಎಲೆಕ್ಟ್ರಾನ್ ಅದರಲ್ಲಿ ಹೋಗುವುದು ಹೇಗೆ? ಇಲ್ಲಿಯೇ ಆ ಹುಡುಗನಿಗೆ ನಾನು ತಪ್ಪು ಚಿತ್ರ ಕೊಟ್ಟದ್ದು. ತಂತಿ ಎಂದ ಕೂಡಲೇ ನಾವು ಪೈಪಿನಲ್ಲಿ ನೀರು ಹರಿದಂತೆ ಕಲ್ಪಿಸಿಕೊಳ್ಳುತ್ತೇವೆ. ಅಣುತಂತಿಯಲ್ಲಿ ಎರಡು ಬಗೆಯ ಪ್ರಯಾಣವಿದೆ, ಎರಡೂ ಪೈಪಿನದಲ್ಲ.

ರಾಣೇಬೆನ್ನೂರಿನಲ್ಲಿ ಯಾವುದಾದರೂ ಹೊಸ ಬಡಾವಣೆಯಲ್ಲಿ ಮನೆಗೆ ಸ್ಲ್ಯಾಬ್ ಹಾಕುವ ದಿನ ನೋಡಿ. ಕೆಳಗೆ ಮಿಕ್ಸರ್ ತಿರುಗುತ್ತಿದೆ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಆಳು. ಕಾಂಕ್ರೀಟ್ ಬುಟ್ಟಿ ಕೈಯಿಂದ ಕೈಗೆ ಹಾರುತ್ತಾ ಮೇಲೇರುತ್ತದೆ. ಯಾರೂ ನಡೆಯುವುದಿಲ್ಲ, ಬುಟ್ಟಿ ಮಾತ್ರ ಹೋಗುತ್ತದೆ. ಈಗ ಏಣಿಯ ಮೇಲಿನ ಆಳುಗಳನ್ನೆಲ್ಲ ಇಳಿಸಿ, ಕೆಳಗಿನವನೇ ಬುಟ್ಟಿಯನ್ನು ಮೇಲಕ್ಕೆ ಎಸೆಯಲಿ. ಒಂದಾಳೆತ್ತರ ಎಸೆದಾನು. ಎರಡಾಳೆತ್ತರಕ್ಕೆ ಅಲ್ಲೊಂದು ಇಲ್ಲೊಂದು ತಲುಪೀತು. ಮೂರನೇ ಮಹಡಿಗೆ ಒಂದೂ ತಲುಪುವುದಿಲ್ಲ.

ಎಸೆಯುವ ಬಗೆಗೆ ವಿಜ್ಞಾನದಲ್ಲಿ ಟನಲಿಂಗ್ ಎಂದು ಹೆಸರು. ಕ್ವಾಂಟಂ ಲೋಕದ ಎಲೆಕ್ಟ್ರಾನ್ ತಾನು ನಿಲ್ಲಲಾಗದ ಜಾಗವನ್ನೂ ಒಂದೇ ನೆಗೆತಕ್ಕೆ ದಾಟಬಲ್ಲದು, ಆದರೆ ದೂರ ಹೆಚ್ಚಿದಂತೆ ಆ ಸಾಧ್ಯತೆ ಗುಣಾಕಾರದಲ್ಲಿ ಕುಸಿಯುತ್ತದೆ. ಮೇಣದಂಥ ಸಾದಾ ಇಂಗಾಲದ ಸರಪಳಿಯಲ್ಲಿ ಒಂದೊಂದು ಕೊಂಡಿ ಹೆಚ್ಚಿದಾಗಲೂ ಕರೆಂಟು ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಹದಿನಾರು ಕೊಂಡಿಗೆ, ಅಂದರೆ ಬರೀ 2 ನ್ಯಾನೋಮೀಟರ್ ಉದ್ದಕ್ಕೆ, ಕೋಟಿಗೊಂದರ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಅದು ತಂತಿಯಲ್ಲ, ತಂತಿಯ ಮೇಲಿನ ಪ್ಲಾಸ್ಟಿಕ್ಕು.

ಕೈಯಿಂದ ಕೈಗೆ ದಾಟಿಸುವ ಬಗೆಗೆ ಹಾಪಿಂಗ್ ಎನ್ನುತ್ತಾರೆ. ಪ್ರತಿ ಕಬ್ಬಿಣವೂ ಏಣಿಯ ಮೇಲಿನ ಒಬ್ಬ ಆಳು. ಎಲೆಕ್ಟ್ರಾನ್ ಅವನ ಕೈಯಲ್ಲಿ ಒಂದು ಗಳಿಗೆ ನಿಜವಾಗಿ ನಿಲ್ಲುತ್ತದೆ, ಆಮೇಲೆ ಪಕ್ಕದವನಿಗೆ. ಇಲ್ಲಿ ಏಣಿ ಉದ್ದವಾದರೆ ತುಸು ನಿಧಾನವಾದೀತು, ನಿಂತು ಹೋಗುವುದಿಲ್ಲ. 2009ರಲ್ಲಿ ಇಟಲಿಯ ಸಂಶೋಧಕರು ಲೋಹದ ಮಣಿಗಳನ್ನು ಒಂದೊಂದಾಗಿ ಸೇರಿಸುತ್ತಾ ಸುಮಾರು 40 ನ್ಯಾನೋಮೀಟರ್ ಉದ್ದದ ತಂತಿ ಬೆಳೆಸಿ, ಅಷ್ಟುದ್ದದಲ್ಲೂ ಕರೆಂಟು ಹೆಚ್ಚೇನೂ ಸೋರಿಹೋಗುವುದಿಲ್ಲವೆಂದು ತೋರಿಸಿದರು. 40 ನ್ಯಾನೋಮೀಟರ್ ಎಂದರೆ ಕೂದಲಿನ ದಪ್ಪದ ಎರಡು ಸಾವಿರದಲ್ಲೊಂದು ಪಾಲು. ನಮಗೆ ಏನೂ ಅಲ್ಲ, ಅಣುವಿಗೆ ದೂರದ ಪಯಣ.

ಸ್ಲ್ಯಾಬಿನ ಚಿತ್ರವನ್ನು ಇನ್ನೂ ಸ್ವಲ್ಪ ಹೊತ್ತು ಬಿಡಬೇಡಿ, ಅದರಲ್ಲಿ ಪಾಠ ಬಹಳ ಇದೆ. ಎಲ್ಲ ಆಳುಗಳ ಕೈಯಲ್ಲೂ ಬುಟ್ಟಿ ತುಂಬಿದ್ದರೆ ಯಾರೂ ಯಾರಿಂದಲೂ ತಗೊಳ್ಳಲಾರರು. ಎಲ್ಲರ ಕೈಯೂ ಖಾಲಿ ಇದ್ದರೆ ಕೊಡುವುದಕ್ಕೇ ಏನಿಲ್ಲ. ಅರ್ಧ ಕೈ ತುಂಬಿ ಅರ್ಧ ಕೈ ಖಾಲಿ ಇದ್ದಾಗ ಕೆಲಸ ಅತಿ ಚುರುಕು. ಅಣುತಂತಿಯಲ್ಲಿ ಅದನ್ನು ಹೊಂದಿಸುವ ಮೇಸ್ತ್ರಿ ವೋಲ್ಟೇಜು. ಎಲೆಕ್ಟ್ರೋಡಿಗೆ, ಅಂದರೆ ಸರ ಕಟ್ಟಿದ ಚಿನ್ನಕ್ಕೆ, ಎಷ್ಟು ವೋಲ್ಟ್ ಕೊಟ್ಟೆವು ಅನ್ನುವುದರ ಮೇಲೆ ಎಷ್ಟು ಕಬ್ಬಿಣ 2+ ಆಗಿರುತ್ತವೆ, ಎಷ್ಟು 3+ ಎಂಬುದು ನಿಂತಿದೆ.

ಇನ್ನೊಂದು. ತುಂಬಿದ ಬುಟ್ಟಿ ತಗೊಳ್ಳುವಾಗ ಆಳು ಮೊಣಕಾಲು ಸ್ವಲ್ಪ ಬಗ್ಗಿಸುತ್ತಾನೆ, ಕೊಟ್ಟ ಮೇಲೆ ನೆಟ್ಟಗಾಗುತ್ತಾನೆ. ಬಗ್ಗಿ ಏಳುವುದು ಜಾಸ್ತಿಯಾದಷ್ಟೂ ಸಾಲು ನಿಧಾನ. ಎಲೆಕ್ಟ್ರಾನ್ ಬಂದಾಗ, ಹೋದಾಗ ಲೋಹ ಸಂಕೀರ್ಣವೂ ಮೈ ಹೊಂದಿಸಿಕೊಳ್ಳಬೇಕು, ಸುತ್ತಲಿನ ದ್ರಾವಕವೂ ಸರಿದು ಕೂರಬೇಕು. ಅಮೋನಿಯಾ ಹಿಡಿದ ಕೋಬಾಲ್ಟಿನಲ್ಲಿ ಎಲೆಕ್ಟ್ರಾನ್ ಬಂದರೆ ಲೋಹಕ್ಕೂ ಸಾರಜನಕಕ್ಕೂ ನಡುವಿನ ಅಂತರ ಸುಮಾರು 0.2 ಆಂಗ್‌ಸ್ಟ್ರಾಂ ಹಿಗ್ಗುತ್ತದೆ. ರುಥೇನಿಯಂನಲ್ಲಿ ಹಿಗ್ಗುವುದು 0.04 ಮಾತ್ರ. ಅದಕ್ಕೇ ಕೋಬಾಲ್ಟ್ ಮಹಾ ಆಲಸಿ, ರುಥೇನಿಯಂ ಚುರುಕು. ಹೀಗೆ ಮೈ ಹೊಂದಿಸಿಕೊಳ್ಳುವ ಖರ್ಚನ್ನು 1956ರಿಂದ ಲೆಕ್ಕಕ್ಕೆ ತಂದವರು ರುಡಾಲ್ಫ್ ಮಾರ್ಕಸ್, 1992ರ ನೊಬೆಲ್ ಅದಕ್ಕೇ. ಲೋಹದಿಂದ ಲೋಹಕ್ಕೆ ಎಲೆಕ್ಟ್ರಾನ್ ದಾಟುವುದನ್ನು ಪ್ರಯೋಗದಲ್ಲಿ ಬಿಡಿಸಿಟ್ಟ ಹೆನ್ರಿ ಟೌಬೆಗೆ 1983ರಲ್ಲಿ ಬಂತು. ಕ್ಯಾರೊಲ್ ಕ್ರೂಟ್ಸ್ ಮತ್ತು ಟೌಬೆ 1969ರಲ್ಲಿ ಮಾಡಿದ ಒಂದು ಅಯಾನಿನಲ್ಲಿ ಎರಡು ರುಥೇನಿಯಂಗಳ ನಡುವೆ ಒಂದು ಪುಟ್ಟ ಉಂಗುರದ ಸೇತುವೆ ಇದೆ. ಅಲ್ಲಿ ಎಲೆಕ್ಟ್ರಾನ್ ಎಡಗಡೆಯದೋ ಬಲಗಡೆಯದೋ ಎಂಬ ವ್ಯಾಜ್ಯವನ್ನು ರಸಾಯನ ವಿಜ್ಞಾನಿಗಳು ದಶಕಗಟ್ಟಲೆ ಆಡಿದರು. ಅಣ್ಣತಮ್ಮಂದಿರ ಬಾವಿಯ ಹಾಗೆ, ಇಬ್ಬರಿಗೂ ಸೇರಿದ್ದು ಅನ್ನುವುದೇ ಬಹುಮಟ್ಟಿಗೆ ಉಳಿದ ಉತ್ತರ.

ಇಷ್ಟೆಲ್ಲ ಹೇಳಿದ್ದು ಕಣ್ಣಿಗೆ ಕಾಣದ್ದು. ನಂಬುವುದು ಹೇಗೆ? ಸೈಕ್ಲಿಕ್ ವೋಲ್ಟಾಮೆಟ್ರಿ ಎಂಬ ಪರೀಕ್ಷೆಯಿಂದ. ಎಲೆಕ್ಟ್ರೋಡಿನ ವೋಲ್ಟೇಜನ್ನು ಒಂದೇ ಸಮನೆ ಏರಿಸಿ, ಒಂದೇ ಸಮನೆ ಇಳಿಸುತ್ತಾ ಕರೆಂಟಿನ ಗೆರೆ ಎಳೆಯುತ್ತಾರೆ. ಏರುವಾಗ ಅಣುಗಳೆಲ್ಲ ಎಲೆಕ್ಟ್ರಾನ್ ಕೊಟ್ಟಲ್ಲಿ ಒಂದು ಗುಡ್ಡ. ಇಳಿಯುವಾಗ ವಾಪಸು ತಗೊಂಡಲ್ಲಿ ಒಂದು ತಗ್ಗು. ಅಣು ದ್ರಾವಣದಲ್ಲಿ ತೇಲಾಡುತ್ತಿದ್ದರೆ ಅದು ಎಲೆಕ್ಟ್ರೋಡಿನ ತನಕ ಬರಬೇಕು, ಹೋಗಬೇಕು. ಹಾಗಾಗಿ ಗುಡ್ಡದ ತುದಿಗೂ ತಗ್ಗಿನ ತುದಿಗೂ ಕನಿಷ್ಠ 57 ಮಿಲಿವೋಲ್ಟ್‌ನಷ್ಟು ಅಂತರ ಬೀಳುತ್ತದೆ. ಅಣು ಎಲೆಕ್ಟ್ರೋಡಿಗೇ ಕಟ್ಟಿಕೊಂಡಿದ್ದರೆ ಅಂತರವೇ ಇಲ್ಲ, ಕನ್ನಡಿಯಲ್ಲಿ ನೋಡಿದ ಹಾಗೆ ಒಂದರ ಕೆಳಗೊಂದು. ಗುಡ್ಡ ಇದ್ದು ತಗ್ಗು ಇಲ್ಲವಾದರೆ? ಅದು ಬಿಳಿಚಿದ ಮೆಣಸಿನಕಾಯಿ. ಕೊಟ್ಟಿತು, ಮತ್ತೆ ಬರಲಿಲ್ಲ.

ನಾನು ಮೊದಲ ಸಲ ಇದನ್ನು ಕೈಯಾರೆ ಮಾಡಿದ್ದು ಅಧ್ಯಾಪಕರ ತರಬೇತಿಯೊಂದರಲ್ಲಿ. ಚಿನ್ನದ ಎಲೆಕ್ಟ್ರೋಡ್ ಎಂದರೆ ಪೆನ್ನಿನಷ್ಟು ದಪ್ಪದ ಪ್ಲಾಸ್ಟಿಕ್ ಕಡ್ಡಿ, ತುದಿಯಲ್ಲಿ 2 ಮಿಲಿಮೀಟರ್ ವ್ಯಾಸದ ಹಳದಿ ಚುಕ್ಕಿ. ಅಲ್ಯೂಮಿನಾ ಪುಡಿಯಲ್ಲಿ ಎಂಟರ ಆಕಾರ ಬರೆದಂತೆ ತಿಕ್ಕಿ, ತೊಳೆದು, ನೀರು ಆರಿತೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿದೆ. ಆಮೇಲೆ ರಾತ್ರಿಯಿಡೀ ಫೆರೋಸೀನ್ ಎಂಬ ಕಬ್ಬಿಣದ ಅಣು ಕಟ್ಟಿದ ಥಯೋಲ್‌ನಲ್ಲಿ ಅದ್ದಿಟ್ಟೆ. ಬೆಳಿಗ್ಗೆ ಎಲ್ಲರ ಪರದೆಯ ಮೇಲೂ ಗುಡ್ಡ, ನನ್ನದರಲ್ಲಿ ಬಯಲುಸೀಮೆ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ, ನನ್ನ ಬೆರಳಿನ ಜಿಡ್ಡು ಥಯೋಲ್‌ಗಿಂತ ಮೊದಲೇ ಚಿನ್ನದ ಮೇಲೆ ಜಾಗ ಹಿಡಿದು ಕೂತಿತ್ತು. ಎರಡನೇ ದಿನ ಬೆರಳು ಹಿಂದೆ ಕಟ್ಟಿಕೊಂಡು ಮಾಡಿದೆ. ಗುಡ್ಡ ಬಂತು.

ಆ ಗುಡ್ಡದ ವಿಸ್ತೀರ್ಣವೇ ಅಣುಗಳ ತಲೆಎಣಿಕೆ. ಫೆರೋಸೀನ್ ಒತ್ತೊತ್ತಾಗಿ ಕೂತರೆ ಚದರ ಸೆಂಟಿಮೀಟರಿಗೆ ಸುಮಾರು 43 ಮೈಕ್ರೊಕೂಲಂಬ್ ಆವೇಶ ಬರಬೇಕು. ನನ್ನ 2 ಮಿಲಿಮೀಟರ್ ಚುಕ್ಕಿಗೆ ಅದು 1.4 ಮೈಕ್ರೊಕೂಲಂಬ್, ಅಂದರೆ ಎಂಟೂವರೆ ಲಕ್ಷ ಕೋಟಿ ಅಣುಗಳು. ಸರ ಪೋಣಿಸುವವರು ಪ್ರತಿ ಸಲ ಅದ್ದಿ ತೊಳೆದ ಮೇಲೂ ಈ ಗುಡ್ಡವನ್ನು ಅಳೆಯುತ್ತಾರೆ. ಒಂದು ಮಣಿ ಹೆಚ್ಚಿದಾಗ ಒಂದೇ ಅಳತೆಯಷ್ಟು ಗುಡ್ಡ ಬೆಳೆದರೆ ಸರ ನೆಟ್ಟಗೆ ಬೆಳೆಯುತ್ತಿದೆ ಎಂದರ್ಥ.

ಫೆರೋಸೀನ್ ಹೆಸರು ಬಂದದ್ದು ಒಳ್ಳೆಯದಾಯಿತು. ಎರಡು ಇಂಗಾಲದ ಉಂಗುರಗಳ ನಡುವೆ ಒಂದು ಕಬ್ಬಿಣ, ಬಿಸ್ಕತ್ತಿನ ನಡುವೆ ಕ್ರೀಮ್ ಇದ್ದಂತೆ. 1951ರಲ್ಲಿ ಸಿಕ್ಕಿದ ಈ ಅಣು ಬಹುಕಾಲ ಪುಸ್ತಕದ ಬೆರಗಾಗಿಯೇ ಇತ್ತು. 1984ರಲ್ಲಿ ಇಂಗ್ಲೆಂಡಿನವರು ಅದನ್ನು ಸಕ್ಕರೆ ಅಳೆಯುವ ಎಲೆಕ್ಟ್ರೋಡಿಗೆ ತಂದರು, 1987ರಲ್ಲಿ ಪೆನ್ನಿನ ಆಕಾರದ ಗ್ಲುಕೋಮೀಟರ್ ಮಾರುಕಟ್ಟೆಗೆ ಬಂತು. ಇವತ್ತು ಹಾವೇರಿಯ ಯಾವ ಓಣಿಯಲ್ಲಾದರೂ ಬೆರಳು ಚುಚ್ಚಿ ‘ಷುಗರ್’ ನೋಡುವವರ ಮನೆ ಇದೆ. ಸ್ಟ್ರಿಪ್ಪಿನ ಮೇಲೆ ಒಂದು ಕಿಣ್ವ ಒಣಗಿ ಕೂತಿರುತ್ತದೆ. ಅದು ರಕ್ತದ ಗ್ಲುಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆದರೆ ಕಿಣ್ವದ ಕೈ ಅದರ ದೊಡ್ಡ ದೇಹದ ಒಳಗೆಲ್ಲೋ ಹುದುಗಿರುವುದರಿಂದ ನೇರವಾಗಿ ಎಲೆಕ್ಟ್ರೋಡಿಗೆ ಕೊಡಲಾರದು. ನಡುವೆ ಒಬ್ಬ ದಲಾಲಿ ಬೇಕು. ಫೆರೋಸೀನ್ ಆ ದಲಾಲಿ. ಫೆರಿಸಯನೈಡ್ ಎಂಬ ಇನ್ನೊಂದು ಕಬ್ಬಿಣದ ಸಂಕೀರ್ಣವನ್ನೂ ಇದೇ ಕೆಲಸಕ್ಕೆ ಹಚ್ಚುತ್ತಾರೆ. ಓಡಿ ಹೋಗಿ ಕಿಣ್ವದಿಂದ ತಗೊಂಡು, ಓಡಿ ಬಂದು ಎಲೆಕ್ಟ್ರೋಡಿಗೆ ಕೊಡುವುದು.

ಓಡಾಟವೇ ಬೇಡ ಎಂದವರು ಆಡಮ್ ಹೆಲ್ಲರ್. ಉದ್ದನೆಯ ಪಾಲಿಮರ್ ಹಗ್ಗಕ್ಕೆ ಆಸ್ಮಿಯಂ ಸಂಕೀರ್ಣಗಳನ್ನು ನೇತುಹಾಕಿ, ಆ ಜಾಲದಲ್ಲಿ ಕಿಣ್ವವನ್ನು ಸಿಕ್ಕಿಸಿ, ಎಲೆಕ್ಟ್ರೋಡಿಗೆ ಅಂಟಿಸಿದರು. ಎಲೆಕ್ಟ್ರಾನ್ ಆಸ್ಮಿಯಂನಿಂದ ಆಸ್ಮಿಯಂಗೆ ದಾಟುತ್ತಾ ಬರುತ್ತದೆ, ನಮ್ಮ ಏಣಿಯ ಆಳುಗಳ ಹಾಗೆಯೇ. ತೋಳಿನ ಹಿಂಭಾಗಕ್ಕೆ ಬಿಲ್ಲೆಯಂತೆ ಅಂಟಿಸಿಕೊಂಡು ಎರಡು ವಾರ ಸಕ್ಕರೆ ನೋಡುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರಿನ ಒಳಗಿರುವುದು ಈ ತಂತಿಯೇ. ಲೋಹ ಸಂಕೀರ್ಣದ ತಂತಿ ಪ್ರಯೋಗಾಲಯದಿಂದ ಮನುಷ್ಯನ ಮೈ ಮೇಲೆ ಬಂದಿದೆಯೇ ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉದಾಹರಣೆ ಇದು.

ಇಷ್ಟು ಹೇಳಿದ ಮೇಲೆ ಆ ಬ್ಯಾಡಗಿ ಹುಡುಗ ಇನ್ನೊಮ್ಮೆ ಕೈ ಎತ್ತುತ್ತಿದ್ದ, ನನಗೆ ಗೊತ್ತು. “ಸರ, ಹಾರದ ಒಂದು ತುದಿ ಬಂಗಾರಕ್ಕ ಕಟ್ಟಿದ್ರಿ. ಇನ್ನೊಂದು ತುದಿ ಯಾರ ಕೈಯಾಗ ಐತ್ರೀ?” ತಂತಿ ಎಂದರೆ ಎರಡು ತುದಿ ಬೇಕೇ ಬೇಕು. ಈ ಕ್ಷೇತ್ರದ ದೊಡ್ಡ ತಲೆನೋವು ಅದೇ. ಕೆಲವೇ ನ್ಯಾನೋಮೀಟರ್ ಎತ್ತರದ ಅಣುಗಳ ಮೇಲೆ ಇನ್ನೊಂದು ಲೋಹವನ್ನು ಬಿಸಿ ಆವಿಯಾಗಿ ಕೂರಿಸಹೋದರೆ, ಲೋಹದ ಪರಮಾಣುಗಳು ಸಂದಿಯಲ್ಲಿ ಇಳಿದು ಕೆಳಗಿನ ಚಿನ್ನವನ್ನು ಮುಟ್ಟಿಬಿಡುತ್ತವೆ. ಶಾರ್ಟ್ ಸರ್ಕ್ಯೂಟ್. ಪದರದ ಮೇಲೆ ಪಾದರಸದ ಹನಿಯನ್ನು ಮೆಲ್ಲಗೆ ತಂದು ಇಡುವುದು ಒಂದು ಉಪಾಯ. ಸೂಜಿಮೊನೆಯ ಸೂಕ್ಷ್ಮದರ್ಶಕದಿಂದ ಒಂದೊಂದೇ ಅಣುವನ್ನು ಮೇಲಿನಿಂದ ಮುಟ್ಟುವುದು ಇನ್ನೊಂದು. ಎರಡೂ ಅಳತೆಗೆ ಸರಿ, ಅಂಗಡಿಯ ಸಾಮಾನಿಗೆ ಆಗದು.

ನಮ್ಮ ರಾಜ್ಯದಲ್ಲೇ ನಡೆದ ಕೆಲಸವೊಂದು ಈ ತೊಡಕನ್ನು ಬೇರೆ ದಾರಿಯಿಂದ ಸುತ್ತಿ ಹೋಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಶ್ರೀತೋಷ್ ಗೋಸ್ವಾಮಿ, ಲೋಹ ಸಂಕೀರ್ಣಗಳ ರಸಾಯನದಲ್ಲಿ ಪಳಗಿದ ಶ್ರೀಬ್ರತ ಗೋಸ್ವಾಮಿ, ಎಲೆಕ್ಟ್ರಾನಿಕ್ಸಿನ ನವಕಾಂತ ಭಟ್ ಮತ್ತು ಅವರ ಸಂಗಡಿಗರು ಒಂದು ರುಥೇನಿಯಂ ಸಂಕೀರ್ಣವನ್ನು ತೆಳು ಪೊರೆಯಾಗಿ ಹರಡಿ, ಕೆಳಗೊಂದು ಮೇಲೊಂದು ಎಲೆಕ್ಟ್ರೋಡ್ ಇಟ್ಟರು. ಒಂಟಿ ಸರದ ಹಂಗು ಬಿಟ್ಟು ಅಣುಗಳ ಸಂತೆಯನ್ನೇ ನಡುವೆ ತುಂಬಿದಂತೆ. ಈ ಜಾತಿಯ ಸಂಕೀರ್ಣಗಳಲ್ಲಿ ಒಂದು ತಿರುವಿದೆ. ಎಲೆಕ್ಟ್ರಾನ್ ಹಿಡಿದಿಡುವುದರಲ್ಲಿ ಲೋಹಕ್ಕಿಂತ ಅದನ್ನು ಅಪ್ಪಿಕೊಂಡ ಲಿಗ್ಯಾಂಡುಗಳೇ ಮುಂದು. ಎಲೆಕ್ಟ್ರಾನ್ ಬಂದು ಹೋದಂತೆಲ್ಲ ಆವೇಶದ ಲೆಕ್ಕ ಸರಿದೂಗಿಸಲು ಪಕ್ಕದ ಅಯಾನುಗಳೂ ಸರಿದಾಡುತ್ತವೆ. ವೋಲ್ಟೇಜಿನ ಮಿಡಿತವನ್ನು ಕರಾರುವಾಕ್ಕಾಗಿ ಕೊಟ್ಟರೆ ಅಣುಗಳೂ ಅಯಾನುಗಳೂ ಹೇಳಿದಲ್ಲಿ ನಿಲ್ಲುತ್ತವೆ, ಪೊರೆಯ ವಾಹಕತೆ ಆ ಮಟ್ಟದಲ್ಲೇ ಉಳಿಯುತ್ತದೆ. ಮಾಮೂಲಿ ಕಂಪ್ಯೂಟರಿನ ನೆನಪಿಗೆ ಸೊನ್ನೆ ಮತ್ತು ಒಂದು ಎಂಬ ಎರಡೇ ಮಟ್ಟ. ಇಲ್ಲಿ ಒಂದೇ ಪೊರೆಯಲ್ಲಿ ಸುಮಾರು 16,500 ಮಟ್ಟ ಸಿಕ್ಕಿತು. 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಿಂದ ‘ಸೃಷ್ಟಿಯ ಸ್ತಂಭಗಳು’ ಎಂಬ ಪ್ರಸಿದ್ಧ ಚಿತ್ರವನ್ನು ಮೇಜಿನ ಮೇಲಿನ ಸಾದಾ ಕಂಪ್ಯೂಟರಿಗೆ ಈ ಸಾಧನ ಜೋಡಿಸಿ ಮರುರಚಿಸಿಯೂ ತೋರಿಸಿದರು. ಇದನ್ನು ‘ತಂತಿ’ ಎಂದು ಕರೆಯಲು ನನಗೆ ಮನಸ್ಸಿಲ್ಲ, ಇದು ನೆನಪಿನ ಪೆಟ್ಟಿಗೆ. ಆದರೆ ಒಳಗಿರುವ ವಿದ್ಯೆ ಫೆರೋಯಿನ್ ಹನಿಯದೇ.

ಫೆರೋಯಿನ್ ಎಂದ ಮೇಲೆ, ನಾವೇ ಮಾಡಿ ನೋಡಿದ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಪೊಟ್ಯಾಸಿಯಂ ಬ್ರೋಮೇಟ್, ಮೆಲೋನಿಕ್ ಆಮ್ಲ, ತುಸು ಬ್ರೋಮೈಡ್, ಸಾರರಿಕ್ತ ಗಂಧಕಾಮ್ಲ, ಇವುಗಳ ಜತೆ ಫೆರೋಯಿನ್ ಸೇರಿಸಿ ಬೀಕರಿನಲ್ಲಿ ಕಲಕುತ್ತಿದ್ದರೆ, ಯಾರೂ ಏನೂ ಹನಿಸದಿದ್ದರೂ ದ್ರಾವಣ ಕೆಂಪಾಗಿ, ನೀಲಿಯಾಗಿ, ಮತ್ತೆ ಕೆಂಪಾಗಿ ತಾನೇ ಬಡಿದುಕೊಳ್ಳುತ್ತದೆ. ಬ್ರೋಮೇಟ್ ಎಲೆಕ್ಟ್ರಾನ್ ಕಸಿಯುತ್ತದೆ, ಮೆಲೋನಿಕ್ ಆಮ್ಲದಿಂದ ಹುಟ್ಟಿದ್ದು ವಾಪಸು ಕೊಡುತ್ತದೆ, ನಡುವೆ ಕಬ್ಬಿಣ. ಬ್ಯಾಡಗಿ, ರಾಣೇಬೆನ್ನೂರಿನ ಹುಡುಗರು ಬೀಕರಿನ ಸುತ್ತ ನಿಂತು ಎಣಿಸತೊಡಗಿದರು. ರೈಲಿನ ಹೊತ್ತಾಯಿತು ಎಂದು ನಾನೇ ಎರಡು ಸಲ ಕೂಗಿದೆ. ಆ ಹುಡುಗ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತೇ ಇದ್ದ. “ಹತ್ತೊಂಬತ್ತು ಆತ್ರಿ ಸರ, ಇನ್ನೂ ಕೆಂಪ ಬರಾಕ್ಹತ್ತೈತಿ” ಎಂದು, ಇಪ್ಪತ್ತನೆಯದಕ್ಕೆ ಕಾಯದೆ ಸ್ಟೇಷನ್ನಿನ ಕಡೆ ಓಡಿದ.